ಎರಡು ಶಾಲೆ, ಒಬ್ಬಳೇ ಮಗಳು

ಹುರಿದ ಶೇಂಗಾವನ್ನು ಮೊರದಲ್ಲಿ ಹಾಕಿಕೊಂಡು, ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದುತ್ತಿದ್ದೆ. ಈ ಕೆಲಸದ ಹೊತ್ತಿನಲ್ಲಿ ನಾನು ಯಾರ ಜೊತೆಯೂ ಮಾತಾಡುವುದಿಲ್ಲ. ಬಾಯಿ ತೆರೆದರೆ ಸಿಪ್ಪೆಯೆಲ್ಲ ಗಂಟಲಿಗೆ ಬರುತ್ತದೆ. ದೇವರು ನನ್ನ ಬಾಯಿ ಮುಚ್ಚಿಸಲು ಕೊಟ್ಟಿರುವ ಕೆಲಸ ಇದೊಂದೇ ಎಂದು ನಮ್ಮವರು ಹೇಳುತ್ತಾರೆ. ಹಾಗಾಗಿ ಸೊಪ್ಪಿನ ಮುನಿಯಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿ ಕೂತಾಗ ತಲೆಯಾಡಿಸಿದೆನಷ್ಟೆ. ಅದೇ ಹೊತ್ತಿಗೆ ನನ್ನ ಮಗಳು ಚೀಲ ಹೆಗಲಿಗೇರಿಸಿಕೊಂಡು ಅವಳನ್ನು ದಾಟಿ ಶಾಲೆಗೆ ಹೊರಟಳು. ಮುನಿಯಮ್ಮ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದವಳು ಹಾಗೇ ನೋಡುತ್ತ ಕೂತಳು. ಹುಡುಗಿ ಓಣಿಯ ತಿರುವು ದಾಟುವ ತನಕ ನೋಡಿದಳು.

"ಯಾರಮ್ಮ ಆ ಹುಡುಗಿ?"

"ನನ್ನ ಮಗಳು. ಇಷ್ಟು ದಿನದಿಂದ ಬರ್ತಿ, ನೋಡಿಲ್ಲೇನು?"

"ನಾನು ಬರೋ ಹೊತ್ಗೆ ಅವಳು ಹೋಗ್ಬಿಟ್ಟಿರ್ತಾಳೆ. ಇವತ್ತು ನಾನೇ ಬೇಗ ಬಂದೆ." ಕಟ್ಟನ್ನು ಬುಟ್ಟಿಗೆ ಹಾಕುತ್ತ ಕೇಳಿದಳು, "ಅಂಬಿಕಾ ಅಲ್ವಾ ಹೆಸರು?"

ಹೌದೆಂದೆ.

"ಬದುಕಿದಾಳಾ ಹಾಗಾದ್ರೆ," ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ದಂಟಿನ ಸೊಪ್ಪು ಇವತ್ತು ಎಳೆಯದಿದೆ ಎಂದು ಹೇಳುವಾಗ ಅವಳ ಧ್ವನಿ ಹೇಗಿರುತ್ತದೋ ಹಾಗೇ ಇತ್ತು.

ಮೊರ ನನ್ನ ಕೈಯಲ್ಲೇ ನಿಂತಿತು. ಮುನಿಯಮ್ಮ ಬಿಡಿಸಿ ಹೇಳಿದಳು. ಅವಳ ಮೊಮ್ಮಗಳು ಚೈತ್ರ ಕೆರೆ ಪಕ್ಕದ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. ಆ ಶಾಲೆಯ ಗೋಡೆಯ ಮೇಲೆ ನನ್ನ ಮಗಳ ಫೋಟೋ ಇದೆ. ದಿನಾ ಬೆಳಿಗ್ಗೆ ಅವಳ ಹೆಸರು ಕರೆಯುತ್ತಾರೆ. ಅವಳ ಬದಲು ಚೈತ್ರ ಎದ್ದು ನಿಂತು ಉತ್ತರ ಕೊಡುತ್ತಾಳೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಹೆಸರಿನಲ್ಲಿ ಒಂದು ತಟ್ಟೆ ಇಡುತ್ತಾರೆ, ಅದಕ್ಕೊಂದು ತುತ್ತು ಹಾಕುತ್ತಾರೆ.

"ಯಾವುದೋ ಮಗು ಹೋಗ್ಬಿಟ್ಟೈತೆ ಅಂದ್ಕೊಂಡಿದ್ದೆ ಕಣಮ್ಮ," ಎಂದು ಮುನಿಯಮ್ಮ ಎರಡು ಕಟ್ಟು ಸೊಪ್ಪು ಇಟ್ಟು, ಬುಟ್ಟಿ ಹೊತ್ತುಕೊಂಡು ಹೋದಳು.

ನನ್ನ ಮಗಳು ಆ ಶಾಲೆಯ ಮೆಟ್ಟಿಲನ್ನೂ ತುಳಿದವಳಲ್ಲ. ಜೂನ್ ತಿಂಗಳಿಂದ ಅವಳು ಹೋಗುತ್ತಿರುವುದು ಊರಿನ ಆಚೆ ತುದಿಯಲ್ಲಿರುವ ಇನ್ನೊಂದು ಸರ್ಕಾರಿ ಶಾಲೆಗೆ.

ಇದರಲ್ಲಿ ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಯಾದಗಿರಿ ಕಡೆಯವರು. ನಮ್ಮವರು ನೀರಿನ ಟ್ಯಾಂಕರ್ ಓಡಿಸುತ್ತಾರೆ. ಎಂಟು ವರ್ಷ ರಾಮಮೂರ್ತಿ ನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಮಾಲೀಕರ ಮಗನ ಮದುವೆಯಾಯಿತು, ಕೋಣೆ ಬೇಕೆಂದರು. ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೆ.ಆರ್. ಪುರ ದಾಟಿ, ಹೆದ್ದಾರಿಯಿಂದ ಒಳಗೆ ಈ ಹಳ್ಳಿಗೆ ಬಂದೆವು. ಹಳ್ಳಿ ಅಂದರೆ ಹಳ್ಳಿಯೇ. ರಾಗಿ ಹೊಲ ಇದೆ, ಹೊಲದ ನಡುವೆ ಸೈಟಿನ ಕಲ್ಲುಗಳೂ ಇವೆ. ಶಿವಾಜಿನಗರದ ಬಸ್ಸು ದಿನಕ್ಕೆ ನಾಲ್ಕು ಸಲ ಬಂದು, ತಿರುಗಿಸಲು ಜಾಗ ಸಾಲದೆ ಗೊಣಗಿಕೊಂಡು ಹೋಗುತ್ತದೆ. ಇಲ್ಲಿ ಅಡುಗೆ ಮನೆ ಬೇರೆ ಇದೆ, ದೇವರಿಗೆ ಒಂದು ಗೂಡು ಇದೆ. ಮನೆದೇವರು ಮಲ್ಲಯ್ಯ ಎಂಟು ವರ್ಷ ಫ್ರಿಜ್ಜಿನ ಮೇಲೆ ಕೂತು ಸಾಕಾಗಿದ್ದ. ಅವನಿಗೂ ಒಂದು ಮನೆಯಾಯಿತು. ಇದು ಒಂದು ಕೃಪೆ.

ಇಷ್ಟು ಸಣ್ಣ ಊರಿಗೆ ಎರಡು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹಿಂದೆ ಯಾವಾಗಲೋ ಕೆರೆಯ ಈ ಕಡೆಯವರಿಗೂ ಆ ಕಡೆಯವರಿಗೂ ಜಗಳವಾಗಿ ನಿಮಗೊಂದು ನಮಗೊಂದು ಎಂದು ಮಾಡಿಕೊಂಡಿದ್ದಂತೆ. ಎರಡನ್ನೂ ನೋಡಿ, ಹೋಲಿಸಿ, ಆಮೇಲೆ ಸೇರಿಸೋಣ ಎಂದು ನಾನು ಹೊರಟೆ. ಬದನೆಕಾಯಿಯನ್ನೇ ಹತ್ತು ಸಲ ತಿರುಗಿಸಿ ನೋಡುವವಳು, ಶಾಲೆಯನ್ನು ಬಿಡುತ್ತೇನೆಯೇ? ನಾನೇನು ಬಹಳ ಓದಿದವಳಲ್ಲ. ಏಳನೇ ತರಗತಿ ಮುಗಿದ ಮೇಲೆ ಹೈಸ್ಕೂಲು ಬೇರೆ ಊರಲ್ಲಿತ್ತು, ದಾರಿಯಲ್ಲಿ ಹಳ್ಳ ಇತ್ತು, ಅಲ್ಲಿಗೆ ನಿಂತಿತು. ಅಂಬಿಕಾಳದು ಅಲ್ಲಿಗೆ ನಿಲ್ಲಬಾರದು ಎನ್ನುವುದೊಂದೇ ನನ್ನ ಹರಕೆ.

ಮೇಲಿನ ಶಾಲೆ ಲಾರಿ ರಸ್ತೆಯ ಪಕ್ಕದ್ದು. ಗೋಡೆಗೆ ರೈಲಿನ ಬೋಗಿಯ ಚಿತ್ರ ಬರೆದಿದ್ದಾರೆ, ಬಾಗಿಲಲ್ಲಿ ನಿಂತ ಮಕ್ಕಳು ಎಲ್ಲಿಗೋ ಹೊರಟವರ ಹಾಗೆ ಕಾಣುತ್ತಾರೆ. ಮಹದೇವಪುರದ ಯಾವುದೋ ಕಂಪನಿಯವರು ಬೆಂಚು ಕೊಟ್ಟಿದ್ದಾರೆ, ದೊಡ್ಡ ಟಿವಿ ಕೊಟ್ಟಿದ್ದಾರೆ. ಶೌಚಾಲಯಕ್ಕೆ ಬಾಗಿಲಿದೆ, ಬಾಗಿಲಿಗೆ ಚಿಲಕವಿದೆ. ಹೆಣ್ಣು ಮಗಳ ತಾಯಿ ಮೊದಲು ನೋಡುವುದು ಚಿಲಕವನ್ನೇ. ಒಂದು ತರಗತಿಗೆ ಐವತ್ತು ಮಕ್ಕಳು, ಸಂತೆಯಷ್ಟು ಗದ್ದಲ.

ಕೆರೆ ಶಾಲೆಗೆ ಹೆಂಚಿನ ಮಾಡು, ಮುಂದೆ ಒಂದು ಹೊಂಗೆ ಮರ, ಹಿಂದೆ ಕೆರೆ. ಚಿಲಕ ಮುರಿದಿತ್ತು, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಮಗ್ಗಿ ಹೇಳುತ್ತ ಕಾಯುತ್ತಾಳೆ, ಅದೇ ಚಿಲಕ. ಮುಖ್ಯ ಶಿಕ್ಷಕಿ ನಿರ್ಮಲಾ ಮೇಡಂ ಒಬ್ಬ ಹುಡುಗನ ಅಂಗಿಗೆ ಗುಂಡಿ ಹಾಕುತ್ತ ಕೂತಿದ್ದರು. ಹುಡುಗ ಅಂಗಿಯೊಳಗೇ ಇದ್ದ. ಎಲ್ಲ ತರಗತಿಯೂ ಸೇರಿ ಮೂವತ್ತೊಂದು ಮಕ್ಕಳಿದ್ದಾರೆ ಎಂದರು. ಹೊರಗಿದ್ದ ಚಪ್ಪಲಿಗಳನ್ನು ನಾನು ಆಗಲೇ ನೋಡಿದ್ದೆ. ಹದಿಮೂರೋ ಹದಿನಾಲ್ಕೋ ಜೊತೆ. ಉಳಿದವರು ಬರಿಗಾಲಲ್ಲಿ ಬರುತ್ತಾರೇನೋ ಅಂದುಕೊಂಡೆ. ಆದರೆ ಆ ಮೌನ ನನಗೆ ಹಿಡಿಸಲಿಲ್ಲ. ಗುಡಿಯಲ್ಲಿ ಮೌನ ಇದ್ದರೆ ದೇವರು ಇದ್ದಾನೆ ಅನ್ನಿಸುತ್ತದೆ, ಶಾಲೆಯಲ್ಲಿ ಮೌನ ಇದ್ದರೆ ಬೇರೆಯೇ ಏನೋ ಅನ್ನಿಸುತ್ತದೆ.

ಮನಸ್ಸು ಆಗಲೇ ಬೇಡ ಎಂದಿತ್ತು. ಆದರೆ ಎದುರಿಗಿದ್ದವರ ಮುಖ ನೋಡಿಕೊಂಡು ಬೇಡ ಎನ್ನುವುದು ನಮ್ಮ ಕಡೆ ಯಾರಿಗೆ ಬರುತ್ತದೆ? ಮೇಡಂ ಚಹಾ ತರಿಸಿದರು. ಕುಡಿದೆ. ಹೆಸರು ಕೇಳಿದರು. ಹೇಳಿದೆ. ಆಧಾರಿನ ಜೆರಾಕ್ಸ್ ಇದೆಯಾ ಎಂದರು. ಚೀಲದಲ್ಲಿತ್ತು, ಕೊಟ್ಟೆ. ಫೋಟೋ ಎಂದರು. ಅದನ್ನೂ ಕೊಟ್ಟೆ.

"ಮಗು ಎಲ್ಲಿ?"

"ಜ್ವರ ಅದರೀ. ಮನ್ಯಾಗ ಮಲಗ್ಯಾಳ. ಸೋಮವಾರ ಕಳಿಸ್ತೀನ್ರಿ."

ಸೋಮವಾರ ಅಂಬಿಕಾಳನ್ನು ಎಬ್ಬಿಸಿ, ತಲೆ ಬಾಚಿ, ಮೇಲಿನ ಶಾಲೆಗೆ ಕರೆದುಕೊಂಡು ಹೋಗಿ ಸೇರಿಸಿದೆ. ಕೆರೆ ಶಾಲೆಗೆ ಹೋಗಿ ಬರುವುದಿಲ್ಲ ಎಂದು ಹೇಳುವ ಕೆಲಸ ನಾಳೆ, ನಾಡಿದ್ದು ಎನ್ನುತ್ತ ಉಳಿಯಿತು. ಒಂದು ಚಹಾದ ಮುಲಾಜಿಗೆ ನನ್ನ ಮಗಳ ಹೆಸರನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಈಗ ನಿಮಗೆ ಇನ್ನೊಂದು ಮಾತು ಹೇಳಬೇಕು. ಇದನ್ನು ಮುನಿಯಮ್ಮನಿಗೆ ಹೇಳಿರಲಿಲ್ಲ. ಜುಲೈ ತಿಂಗಳಿಂದ ಅಂಬಿಕಾ ಶಾಲೆಯಲ್ಲಿ ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಹೊಟ್ಟೆ ತುಂಬಿರತ್ತೆ," ಎನ್ನುವಳು. ಎಂಟು ವರ್ಷ ರಾಮಮೂರ್ತಿ ನಗರದ ಮಕ್ಕಳೊಂದಿಗೆ ಬೆಳೆದು ಅವಳ ಮಾತೆಲ್ಲ ಇಲ್ಲಿಯದೇ. ಬೆಳಿಗ್ಗೆ ಅರ್ಧ ರೊಟ್ಟಿ ತಿಂದು ಹೋದವಳ ಹೊಟ್ಟೆ ಮಧ್ಯಾಹ್ನ ಹೇಗೆ ತುಂಬಿರುತ್ತದೆ? ಜಗಳವಿಲ್ಲ, ಅಳು ಇಲ್ಲ, ಸುಮ್ಮನೆ ತೆಳ್ಳಗಾಗುತ್ತ ಹೋದಳು. ಲಂಗದ ಲಾಡಿ ಎರಡು ಸಲ ಬಿಗಿ ಮಾಡಿದೆ. ಕರೆದರೆ ಎರಡನೇ ಸಲಕ್ಕೆ ತಿರುಗಿ ನೋಡುವಳು. ಕೆ.ಆರ್. ಪುರದ ಡಾಕ್ಟರು ಜಂತುಹುಳದ ಮಾತ್ರೆ ಕೊಟ್ಟರು. ನಾನು ದೃಷ್ಟಿ ತೆಗೆದೆ, ಮಲ್ಲಯ್ಯನಿಗೆ ಭಂಡಾರದ ಅರಿಶಿನ ಮುಡಿಪು ಕಟ್ಟಿದೆ. ಹೊಸ ಊರು, ಹೊಸ ಶಾಲೆ, ಸರಿಹೋಗುತ್ತಾಳೆ ಎಂದರು ನಮ್ಮವರು.

ಹಾಗಿರುವಾಗ ಒಬ್ಬ ಹೆಂಗಸು ಬಂದು, ನಿನ್ನ ಮಗಳ ಹೆಸರಿನಲ್ಲಿ ದಿನಾ ಮಧ್ಯಾಹ್ನ ತಟ್ಟೆ ಇಡುತ್ತಾರೆ ಎಂದರೆ? ಇಲ್ಲದವರಿಗೆ ತಟ್ಟೆ ಇಡುವುದಕ್ಕೆ ನಮ್ಮಲ್ಲಿ ಒಂದೇ ಅರ್ಥ. ಹಿರಿಯರ ಹಬ್ಬದ ದಿನ ಅಜ್ಜನ ಹೆಸರು, ಅಮ್ಮನ ಹೆಸರು ಹೇಳಿ ಎಡೆ ಇಡುತ್ತೇವೆ. ಬದುಕಿರುವವರಿಗೆ ಯಾರೂ ಎಡೆ ಇಡುವುದಿಲ್ಲ.

ನಾನು ಇಷ್ಟು ಹೆದರಿದ್ದಕ್ಕೆ ನನ್ನದೇ ಒಂದು ಹಳೆಯ ಸಂಗತಿಯೂ ಕಾರಣ. ನಮ್ಮ ಊರಿನ ಹಳ್ಳದಾಚೆ ಇನ್ನೊಂದು ಶಾಲೆ ಇತ್ತು. ತಪಾಸಣೆಗೆ ಸಾಹೇಬರು ಬರುವ ದಿನ ಅಲ್ಲಿಯ ಮಾಸ್ತರರು ನಮ್ಮ ಮಾಸ್ತರರ ಹತ್ತಿರ ಮಕ್ಕಳನ್ನು ಎರವಲು ತೆಗೆದುಕೊಳ್ಳುತ್ತಿದ್ದರು. ಬೆಲ್ಲ ಎರವಲು ಕೊಟ್ಟ ಹಾಗೆ ನಮ್ಮನ್ನು ಕೊಡುತ್ತಿದ್ದರು. ನನಗೆ ಒಂಬತ್ತೋ ಹತ್ತೋ ವರ್ಷ. ಅಲ್ಲಿ ಕೂರಿಸಿ, "ನೀನು ಇವತ್ತು ಮಹಾದೇವಿ. ಹೆಸರು ಕರೆದರ ಎದ್ದು ನಿಂದರಬೇಕು," ಎಂದರು. ನಿಂತೆ. ಸಾಹೇಬರು ಮಗ್ಗಿ ಕೇಳಿದರು, ಹೇಳಿದೆ. ಮಹಾದೇವಿ ಜಾಣೆ ಇದ್ದಾಳೆ ಎಂದರು. ನನ್ನ ಜೀವನದಲ್ಲಿ ಸರ್ಕಾರದವರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ಬೇರೆಯವಳ ಹೆಸರಿಗೆ ಹೋಯಿತು. ಹೊರಗೆ ಬಂದಾಗ ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ತಲೆ ಸವರಿ, ಸೆರಗಿನಿಂದ ಪುಠಾಣಿ ಕಡಲೆ ಬಿಚ್ಚಿ ಕೊಟ್ಟಳು. "ಮಾದೇವಿ, ತಿನ್ನು," ಎಂದಳು. ತಿಂದೆ. ಆ ಹುಡುಗಿ ಬೇಸಿಗೆಯಲ್ಲಿ ತೀರಿಕೊಂಡಿದ್ದಳು, ಮುದುಕಿ ಅವಳ ಅಜ್ಜಿ ಎಂಬುದು ನನಗೆ ಗೊತ್ತಾದದ್ದು ವಾಪಸು ಹಳ್ಳ ದಾಟುವಾಗ. ಅಂದು ಸಂಜೆ ನಮ್ಮವ್ವ ನನ್ನ ಹೆಸರು ಹಿಡಿದು ಮೂರು ಸಲ ಕರೆದಳಂತೆ, ನಾನು ತಿರುಗಲಿಲ್ಲವಂತೆ.

ಶೇಂಗಾ ಮುಚ್ಚಿಟ್ಟು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಕೆರೆ ಶಾಲೆಗೆ ಹೊರಟೆ. ಏರಿಯ ಮೇಲೆ ನಡೆಯುವಾಗ ಕೆರೆ ಕಾಣುತ್ತಿರಲಿಲ್ಲ. ಕಾರ್ತಿಕದ ಮಂಜು ನೀರಿನ ಮೇಲೆ ಹಾಗೇ ಕೂತಿತ್ತು, ಹೊತ್ತು ಏರಿದ್ದರೂ ಎದ್ದಿರಲಿಲ್ಲ. ಶಾಲೆ ಕಾಣುವ ಮೊದಲು ಧ್ವನಿ ಕೇಳಿಸಿತು. ಹಾಜರಿ ನಡೆಯುತ್ತಿತ್ತು. ನಾನು ಕಿಟಕಿಯ ಪಕ್ಕ ನಿಂತೆ.

"ಚೈತ್ರ."

"ಬಂದಿದೀನಿ ಮೇಡಂ."

"ಹನುಮಂತ."

"ಬರ್ತಾನೆ ಮೇಡಂ."

"ರೇಣುಕಾ."

"ಬರ್ತಾಳೆ ಮೇಡಂ."

"ಸಲ್ಮಾ."

"ಬರ್ತಾಳೆ ಮೇಡಂ."

ಕೂತಿದ್ದವರು ಹದಿಮೂರು ಜನ. ನಡುನಡುವೆ ಒಬ್ಬರೋ ಇಬ್ಬರೋ ಹಿಡಿಸುವಷ್ಟು ಜಾಗ ಬಿಟ್ಟು ಕೂತಿದ್ದರು. ಒಂದು ಬಂದಿದೀನಿ ಕೇಳಿದರೆ ಒಂದೋ ಎರಡೋ ಬರ್ತಾಳೆ ಕೇಳುತ್ತಿತ್ತು. ಮಕ್ಕಳು ಅದನ್ನು ಸುಮ್ಮನೆ ಒಪ್ಪಿಸುತ್ತಿರಲಿಲ್ಲ. ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿ, ಕೇಳಿಕೊಂಡು ಹೇಳಿದ ಹಾಗೆ ಹೇಳುತ್ತಿದ್ದರು.

"ಅಂಬಿಕಾ."

ಮುನಿಯಮ್ಮನ ಮೊಮ್ಮಗಳು ಎದ್ದು ನಿಂತಳು. ಎಡಗಡೆಯ ಜಾಗದ ಕಡೆ ತಲೆ ಬಾಗಿಸಿದಳು. "ಬರ್ತಾಳೆ ಮೇಡಂ."

ನಾನು ಗೋಡೆ ಹಿಡಿದುಕೊಂಡು ಮಲ್ಲಯ್ಯ, ಮಲ್ಲಯ್ಯ ಎಂದೆ.

ಮೇಡಂ ನೋಡಿ ಹೊರಗೆ ಬಂದರು, ಒಳಗೆ ಕರೆದು ಕುರ್ಚಿ ಕೊಟ್ಟರು. ನಾನು ಅಂಬಿಕಾಳ ತಾಯಿ ಎಂದದ್ದೇ ತಡ, ಮಕ್ಕಳೆಲ್ಲ ಸುತ್ತಲೂ ಬಂದು ನಿಂತರು. ಚೈತ್ರ ನನ್ನ ಸೆರಗು ಮುಟ್ಟಿದಳು.

"ಆಂಟಿ, ಅಂಬಿಕಾ ಜಡೆ ತುದಿ ಬಾಯಲ್ಲಿ ಇಟ್ಕೊಳ್ತಾಳೆ ಅಲ್ವಾ?"

ಇಟ್ಟುಕೊಳ್ಳುತ್ತಾಳೆ. ಐದು ವರ್ಷದಿಂದ ಬಿಡಿಸಲು ನೋಡುತ್ತಿದ್ದೇನೆ.

"ನಿನಗ್ಯಾರು ಹೇಳಿದ್ರು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರೂ ಹೇಳಿಲ್ಲ. ಹಂಗೇ ಕೂರ್ತಾಳೆ."

ಮುಂದೆ ನಿಂತಿದ್ದ ಒಬ್ಬ ಹುಡುಗ ದೊಡ್ಡ ಮನುಷ್ಯನ ಹಾಗೆ ಹೇಳಿದ, "ಭಿನ್ನರಾಶಿ ಮಾತ್ರ ಬರಲ್ಲ ಅವಳಿಗೆ. ಬೈಬೇಡಿ. ನಂಗೂ ಬರಲ್ಲ."

ಭಿನ್ನರಾಶಿ ಯಾವ ಮಗುವಿಗೆ ಬರುತ್ತದೆ, ಜಡೆ ಯಾವ ಹುಡುಗಿ ಕಚ್ಚುವುದಿಲ್ಲ, ಎಂದು ಈಗ ಬರೆಯುವಾಗ ಹೇಳಿಕೊಳ್ಳಬಲ್ಲೆ. ಅಲ್ಲಿ ಕೂತಾಗ ಹೇಳಿಕೊಳ್ಳಲು ಆಗಲಿಲ್ಲ. ಗೋಡೆಯ ಮೇಲೆ ಒಂದು ರಟ್ಟು ಇತ್ತು. ಅದರ ಮೇಲೆ ಹದಿನೆಂಟು ಪುಟ್ಟ ಫೋಟೋ, ಮೇಲೆ 'ಬರಬೇಕಾದವರು' ಎಂದು ಮಕ್ಕಳ ಕೈಬರಹ. ಕೊನೆಯ ಸಾಲಿನಲ್ಲಿ ನನ್ನ ಮಗಳು. ಯಾರೋ ಅದರ ಮೂಲೆಗೆ ಒಂದು ಕನಕಾಂಬರ ಸಿಕ್ಕಿಸಿದ್ದರು.

ಮೇಡಂ ಮಕ್ಕಳಿಗೆ ಲೆಕ್ಕ ಕೊಟ್ಟು ಬಂದು ಎದುರಿಗೆ ಕೂತರು. ನಾನು ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಆಮೇಲೆ ಹೇಳಿದೆ, "ಆದ್ರ ಹಿಂಗ ಮಾಡಬಾರದ್ರಿ ಮೇಡಂ. ಇಲ್ಲದವರ ಹೆಸರು ಕರೆಯೋದು, ತಟ್ಟೆ ಇಡೋದು. ನಮ್ಮ ಕಡೆ ಅದು ಸತ್ತವರಿಗೆ ಮಾಡೋದ್ರಿ."

ಅವರಿಗೆ ಅದು ಹೊಳೆದೇ ಇರಲಿಲ್ಲ. ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಹತ್ತಿರ ಎಳೆದುಕೊಂಡರು. "ನಾನು ಶುರು ಮಾಡಿದ್ದಲ್ಲ ಅಮ್ಮ, ಮಕ್ಕಳೇ ಮಾಡ್ಕೊಂಡಿದ್ದು. ಇಲ್ಲಿ ಜಾಸ್ತಿ ಮಕ್ಕಳು ಕಟ್ಟಡ ಕೆಲಸದ ಶೆಡ್ಡಲ್ಲಿರೋರು. ಕೆಲ್ಸ ಮುಗೀತು ಅಂದ್ರೆ ರಾತ್ರೋರಾತ್ರಿ ಇನ್ನೊಂದು ಸೈಟಿಗೆ ಹೋಗ್ಬಿಡ್ತಾರೆ. ಒಬ್ಬ ಹುಡುಗ ಇದ್ದ. ತುಂಬಾ ತಿಂಗಳು ಬರ್ಲಿಲ್ಲ, ನಾನು ಹೆಸರು ಹೊಡೆದು ಹಾಕ್ದೆ, ರೂಲ್ಸ್ ಹಾಗೇ ಇರೋದು. ಆಮೇಲೆ ಅವನು ವಾಪಸ್ ಬಂದ. ಹಾಜರಿಯಲ್ಲಿ ಅವನ ಹೆಸರು ಬರ್ಲಿಲ್ಲ. ನನ್ನ ಕೇಳ್ಲೂ ಇಲ್ಲ. ಮೂರು ದಿನ ಆ ಹೊಂಗೆ ಮರದ ಕೆಳಗೆ ಕೂತಿದ್ದ, ನಾನು ಯಾರದ್ದೋ ತಮ್ಮ ಅಂದ್ಕೊಂಡೆ. ನಾಲ್ಕನೇ ದಿನ ಇರ್ಲಿಲ್ಲ. ಅವತ್ತಿಂದ ಮಕ್ಕಳು ನನಗೆ ಯಾರ ಹೆಸರೂ ಹೊಡೆಯೋಕೆ ಬಿಡಲ್ಲ."

"ಪುಸ್ತಕದಾಗ ಏನು ಬರೀತೀರಿ?"

"ಬಂದಿಲ್ಲ ಅಂತಲೇ ಬರೀತೀನಿ. ಸುಳ್ಳು ಬರೆಯಲ್ಲ. ಹೆಸರು ಮಾತ್ರ ಇಟ್ಟಿದೀನಿ." ಕೆಂಪು ಪೆನ್ನು ಹುಡುಕುತ್ತ ಹೇಳಿದರು, "ಹೆಸರುಗಳೂ ಕಮ್ಮಿ ಆದ್ರೆ ಇದನ್ನ ಮೇಲಿನ ಶಾಲೆಗೆ ಸೇರಿಸ್ತಾರಂತೆ. ಈ ಮಕ್ಕಳು ಲಾರಿ ರಸ್ತೆ ದಾಟಿ ಹೋಗಲ್ಲ. ಅಲ್ಲಿಗೆ ನಿಂತುಹೋಗತ್ತೆ. ಅದು ನಿಮ್ಮ ತಲೆನೋವಲ್ಲ ಬಿಡಿ. ನಿಮ್ಮ ಮಗಳು, ನಿಮ್ಮ ಇಷ್ಟ."

ಹಾಜರಿ ಪುಸ್ತಕ ತೆರೆದರು. ನನ್ನ ಮಗಳ ಹೆಸರಿನ ಕೆಳಗೆ ಸ್ಕೇಲು ಇಟ್ಟರು, ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ನಾನು ಹೋಗಿದ್ದೇ ಅದಕ್ಕೆ. ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಆದರೆ ಹಾಗೆ ಪೆನ್ನು ಹೆಸರಿನ ಮೇಲೆ ಬರುವುದನ್ನು ನೋಡಿದಾಗ ಸ್ಕೇಲಿನ ಮೇಲೆ ಕೈ ಅಡ್ಡ ಇಟ್ಟೆ. ಬದುಕಿರುವ ಮಗುವಿನ ಹೆಸರಿನ ಮೇಲೆ, ತಾಯಿ ಎದುರಿಗೆ ಕೂತು, ಕೆಂಪು ಗೆರೆ ಎಳೆಸುವುದೇ? ತಟ್ಟೆ ಇಡುವುದಕ್ಕಿಂತ ಅದು ಕೆಟ್ಟದ್ದಾಗಿ ಕಂಡಿತು.

"ಬ್ಯಾಡ್ರಿ," ಎಂದೆ. "ಇವತ್ತು ಬ್ಯಾಡ್ರಿ."

ಊಟದ ಹೊತ್ತಿನ ತನಕ ಅಲ್ಲೇ ಇದ್ದೆ, ಅದನ್ನೂ ಕಣ್ಣಿಂದ ನೋಡಿಬಿಡೋಣ ಎಂದು. ಅನ್ನ, ನುಗ್ಗೆಕಾಯಿ ಸಾಂಬಾರು. ಮಕ್ಕಳು ಸಾಲಾಗಿ ಕೂತರು, ನಡುನಡುವೆ ಖಾಲಿ ತಟ್ಟೆ ಇಟ್ಟರು. ಕೈ ಮುಗಿದು ಪ್ರಾರ್ಥನೆ ಹೇಳಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಟ್ಟೆಯಿಂದ ಒಂದು ತುತ್ತು ತೆಗೆದು ಪಕ್ಕದ ತಟ್ಟೆಗೆ ಹಾಕಿದರು. ಚೈತ್ರ ಅನ್ನದ ಮೇಲೆ ಒಂದು ನುಗ್ಗೆಕಾಯಿ ತುಂಡನ್ನೂ ಇಟ್ಟಳು. ಊಟ ಮುಗಿದ ಮೇಲೆ ಅದನ್ನೆಲ್ಲ ಒಟ್ಟು ಮಾಡಿ ಕೆರೆಯ ದಂಡೆಗೆ ಹಾಕಿ ಬಂದರು. ಕಾಗೆಗಳು ಆಗಲೇ ಬಂದು ಕಾಯುತ್ತಿದ್ದವು. ಅವಕ್ಕೆ ಹೊತ್ತು ಗೊತ್ತಿತ್ತು.

ಸಂಜೆ ಅಂಬಿಕಾ ಬಂದಳು. ಚೀಲ ಇಳಿಸಿದಳು, ಕೈಕಾಲು ತೊಳೆದಳು. ಎಂದಿನಂತೆ ಕೇಳಿದೆ, ಊಟ ಮಾಡಿದೆಯೇನು?

"ಇಲ್ಲ. ಹೊಟ್ಟೆ ತುಂಬಿತ್ತು."

"ಏನು ಉಂಡಿದ್ದಿ ತುಂಬಾಕ?"

"ಅನ್ನ. ನುಗ್ಗೆಕಾಯಿ ಸಾಂಬಾರ್," ಎಂದಳು. ಪುಸ್ತಕ ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

ಮೇಲಿನ ಶಾಲೆಯಲ್ಲಿ ಅಂದು ಪಲಾವ್ ಎಂದು ಆಮೇಲೆ ಗೊತ್ತಾಯಿತು. ಯಾರೋ ಗೆಳತಿಯ ಡಬ್ಬಿಯಿಂದ ತಿಂದಿರಬಹುದು. ನುಗ್ಗೆಕಾಯಿ ಯಾರ ಮನೆಯಲ್ಲಿ ಮಾಡುವುದಿಲ್ಲ? ಹಾಗೇ ಇರಬಹುದು.

ನಮ್ಮವರಿಗೆ ಎಲ್ಲ ಹೇಳಿದೆ. ಟ್ಯಾಂಕರಿನ ಮನುಷ್ಯ, ಯಾವುದಕ್ಕೂ ಗಾಬರಿಯಾಗುವವರಲ್ಲ. "ಎರಡೂ ಕಡೆ ಹೆಸರು ಇದ್ದರ ಏನಾತು? ಎರಡು ಸಿಮ್ ಹಾಕಿದ ಫೋನ್ ಇದ್ದಂಗ," ಎಂದರು. ಆಮೇಲೆ ಮಗಳ ಕೈಯ ಮೂಳೆ ನೋಡಿ, ಅವರೇ ಹೇಳಿದರು, "ಒಂದು ತೆಗಿ. ಯಾವುದರೆ ಒಂದು ತೆಗಿ."

ಯಾವುದನ್ನು ತೆಗೆಯಬೇಕು? ನಾನು ದೇವರ ಮುಂದೆ ಕೂತು ಮತ್ತೆ ಎರಡು ಶಾಲೆಗಳನ್ನೂ ಹೋಲಿಸಿದೆ. ಈ ಸಲ ಚಿಲಕ, ಬೆಂಚು, ಟಿವಿ ಯಾವುದೂ ಮನಸ್ಸಿಗೆ ಬರಲಿಲ್ಲ. ಐದು ತಿಂಗಳಲ್ಲಿ ಮೇಲಿನ ಶಾಲೆಯವರು ಯಾರೂ ಅಂಬಿಕಾ ಊಟ ಮಾಡುತ್ತಿಲ್ಲ ಎಂದು ನನಗೆ ಹೇಳಿ ಕಳಿಸಿರಲಿಲ್ಲ. ಐವತ್ತು ಮಕ್ಕಳಲ್ಲಿ ಅವರು ಪಾಪ ಯಾರನ್ನು ನೋಡುತ್ತಾರೆ? ಅಲ್ಲಿ ಅವಳು ಇದ್ದಳು, ಆದರೆ ಯಾರಿಗೂ ಕಾಣುತ್ತಿರಲಿಲ್ಲ. ಕೆರೆ ಶಾಲೆಯಲ್ಲಿ ಇರಲಿಲ್ಲ, ಆದರೆ ಎಲ್ಲರಿಗೂ ಕಾಣುತ್ತಿದ್ದಳು. ನನ್ನ ಮಗಳು ಎರಡು ಕಡೆ ಅರ್ಧರ್ಧ ಹರಿದುಹೋದ ಹಾಗೆ ಅನ್ನಿಸಿತು.

"ಕೆರೆ ಶಾಲೆಗೆ ಹೋಗ್ತೀಯೇನು?" ಎಂದು ಕೇಳಿದೆ. ಅಲ್ಲಿಯ ವಿಷಯ ಏನೂ ಹೇಳಿರಲಿಲ್ಲ.

ಅಂಬಿಕಾ ಜಡೆಯ ತುದಿ ಬಾಯಿಂದ ತೆಗೆದಳು. "ಹೂಂ," ಎಂದಳು. "ಅಲ್ಲಾದ್ರೆ ನನ್ನ ಜಾಗ ಇದೆ."

ಯಾವ ಜಾಗ ಎಂದು ನಾನು ಕೇಳಲಿಲ್ಲ. ತಾಯಂದಿರು ಕೇಳದೆ ಬಿಡುವ ಪ್ರಶ್ನೆಗಳೂ ಇರುತ್ತವೆ.

ಮರುದಿನ ಮೇಲಿನ ಶಾಲೆಯ ಹೆಡ್ ಮಾಸ್ಟರಿಗೆ ಟಿ.ಸಿ. ಕೇಳಿದಾಗ ಅವರು ಕನ್ನಡಕ ತೆಗೆದು ನೋಡಿದರು. "ಎಲ್ಲರೂ ಅಲ್ಲಿಂದ ಇಲ್ಲಿಗೆ ಬರ್ತಾರೆ. ನೀವು ಇಲ್ಲಿಂದ ಅಲ್ಲಿಗಾ? ಏನ್ ತೊಂದ್ರೆ ಅಮ್ಮ ನಮ್ಮಲ್ಲಿ?"

"ತೊಂದ್ರಿ ಏನಿಲ್ರಿ. ಚಿಲಕ ಛಲೋ ಅದಾವ," ಎಂದೆ. ಬೇರೇನು ಹೇಳಲಿ?

ಹೆಸರು ತೆಗೆಯುವಾಗ ನಾನು ಕಣ್ಣು ಮುಚ್ಚಿ ಮಲ್ಲಯ್ಯನನ್ನು ನೆನೆಯುತ್ತ ನಿಂತಿದ್ದೆ. ಅವರು ಕಂಪ್ಯೂಟರಿನಲ್ಲಿ ಎರಡು ಸಲ ಗುಂಡಿ ಒತ್ತಿದರು, ಆಯಿತು ಎಂದರು. ಗೆರೆ ಬೀಳಲಿಲ್ಲ. ಇದೂ ಒಂದು ಕೃಪೆ.

ಸೋಮವಾರ ಅಂಬಿಕಾಳ ಕೈ ಹಿಡಿದು ಏರಿಯ ಮೇಲೆ ನಡೆದೆ. ದಾರಿಯಲ್ಲಿ ನಾನು ಏನನ್ನೂ ತೋರಿಸಲಿಲ್ಲ. ಅವಳೇ ನನಗಿಂತ ಒಂದು ಹೆಜ್ಜೆ ಮುಂದಿದ್ದಳು. ಹೊಂಗೆ ಮರದ ಹತ್ತಿರ ಕೈ ಬಿಡಿಸಿಕೊಂಡು, ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಯಾರನ್ನೂ ಕೇಳದೆ, ಚೈತ್ರಳ ಎಡಗಡೆ ಕೂತಳು. ಯಾವ ಮಗುವೂ ತಿರುಗಿ ನೋಡಲಿಲ್ಲ. ಹೊಸಬರು ಬಂದರೆ ಮಕ್ಕಳು ಹೇಗೆ ನೋಡುತ್ತಾರೆ ಎಂದು ನಿಮಗೆ ಗೊತ್ತು. ಇವರು ನಿನ್ನೆ ಬಂದವಳನ್ನು ಇವತ್ತು ನೋಡಿದ ಹಾಗಿದ್ದರು. ಒಬ್ಬಳು ರಬ್ಬರ್ ಕೇಳಿದಳು, ಇವಳು ಕೊಟ್ಟಳು.

ಹಾಜರಿ ಶುರುವಾಯಿತು. ನಾನು ಕಿಟಕಿಯ ಸರಳು ಹಿಡಿದು ನಿಂತೆ.

"ಅಂಬಿಕಾ."

ಅಂಬಿಕಾ ಏಳಲಿಲ್ಲ. ಚೈತ್ರ ಎದ್ದಳು. ಅಭ್ಯಾಸದಂತೆ ಎಡಗಡೆ ತಲೆ ಬಾಗಿಸಿದಳು, ಅಲ್ಲಿ ಕೂತಿದ್ದ ನನ್ನ ಮಗಳ ಮುಖವನ್ನೇ ನೋಡುತ್ತ, "ಬರ್ತಾಳೆ ಮೇಡಂ," ಎಂದಳು. ಯಾರೂ ನಗಲಿಲ್ಲ. ಅಂಬಿಕಾ ಕೂಡ ಮುಖ ಎತ್ತಿ ಚೈತ್ರಳನ್ನು ನೋಡುತ್ತಿದ್ದಳು, ಯಾರೋ ಬರುವುದನ್ನು ತಾನೂ ಕಾಯುತ್ತಿರುವವಳ ಹಾಗೆ.

 ಒಳಗೆ ಕೂತಿರುವವಳು ಯಾರು ಎಂದು ಒಂದು ಕ್ಷಣ, ಒಂದೇ ಕ್ಷಣ, ನನಗೂ ಅನುಮಾನ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ಮೇಡಂ ಪೆನ್ನು ಕೆಳಗಿಟ್ಟರು. ಮತ್ತೊಮ್ಮೆ, ನಿಧಾನವಾಗಿ ಕರೆದರು. "ಅಂಬಿಕಾ."

ಅವಳು ಎದ್ದು ನಿಂತಳು. ಲಂಗ ಸರಿಮಾಡಿಕೊಂಡಳು. "ಬಂದಿದೀನಿ ಮೇಡಂ," ಎಂದಳು. ಅವಳದೇ ಧ್ವನಿ, ಸ್ವಲ್ಪ ಕಟ್ಟಿದ ಮೂಗಿನ ಧ್ವನಿ. ಆಗ ಮಕ್ಕಳೆಲ್ಲ ಒಟ್ಟಿಗೆ ನಕ್ಕರು, ಚೈತ್ರ ನಾಲಿಗೆ ಕಚ್ಚಿಕೊಂಡು ಕೂತಳು. ಶಾಲೆಯಲ್ಲಿ ಗದ್ದಲವಾಯಿತು. ನಾನು ಸರಳು ಬಿಟ್ಟೆ. ಬೆರಳಿಗೆಲ್ಲ ತುಕ್ಕು ಹತ್ತಿತ್ತು.

ಸಂಜೆ ಮನೆಗೆ ಓಡಿಕೊಂಡು ಬಂದಳು. ಬಾಗಿಲಲ್ಲೇ, "ಅಮ್ಮ, ಹಸಿವು," ಎಂದಳು. ಮಧ್ಯಾಹ್ನ ಎರಡು ಸಲ ಹಾಕಿಸಿಕೊಂಡು ಉಂಡಳಂತೆ, 'ಆದ್ರೂ ಹಸಿವು' ಎಂದಳು. ಎರಡು ರೊಟ್ಟಿ ತಿಂದಳು, ಇನ್ನರ್ಧ ಕೇಳಿದಳು. ನಾನು ಎದುರಿಗೆ ಕೂತು ಅವಳ ದವಡೆ ಆಡುವುದನ್ನು ನೋಡಿದೆ. ಕೃಪೆಗಳ ಪಟ್ಟಿಯಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ತಿನ್ನುತ್ತಲೇ ಹೇಳಿದಳು, "ನಂಗೂ ಒಬ್ಬಳನ್ನ ಕೊಟ್ಟಿದಾರೆ. ರೇಣುಕಾ ಅಂತ. ಇನ್ಮೇಲೆ ಅವಳ ಉತ್ತರ ನಂದು."

"ಯಾರಾಕಿ?"

"ದೀಪಾವಳಿ ಆದ್ಮೇಲೆ ಹೋಗ್ಬಿಟ್ಟಳಂತೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ." ಅರ್ಧ ರೊಟ್ಟಿಯನ್ನು ಮುರಿದಳು. "ಎಡಗೈಯಲ್ಲಿ ಬರೀತಾಳೆ. ಈಗ ಕೆಮ್ಮು ಇದೆ ಅವಳಿಗೆ."

"ಕೆಮ್ಮು ಅದ ಅಂತ ಯಾರು ಹೇಳಿದ್ರು?"

ಅಂಬಿಕಾ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಯಾರೂ ಇಲ್ಲ," ಎಂದಳು. "ಇದೆ."

ನಾನು ಎದ್ದು ದೇವರ ಗೂಡಿನ ಮುಂದೆ ದೀಪ ಹಚ್ಚಿ, ನಮ್ಮವರ ಹೆಸರು, ಮಗಳ ಹೆಸರು ಹೇಳಿದ ಮೇಲೆ, ಆ ಕಾಣದ ಹುಡುಗಿಯ ಹೆಸರನ್ನೂ ಹೇಳಿದೆ. ಎಲ್ಲೋ ಒಂದು ತಗಡಿನ ಶೆಡ್ಡಿನಲ್ಲಿ ಅವಳ ತಾಯಿ ಇಂದು ಅವಳ ಮುಂದೆ ತಟ್ಟೆ ಇಟ್ಟಿರಬಹುದು. ಹುಡುಗಿ ಹೊಟ್ಟೆ ತುಂಬಿದೆ ಎಂದಿರಬಹುದು. ಹೆದರಬ್ಯಾಡ ತಂಗಿ, ಎಂದು ಆ ತಾಯಿಗೆ ಹೇಳಲು ನನಗೆ ಆಸೆ. ಆದರೆ ಎಲ್ಲಿದ್ದಾಳೆ ಎಂದು ಹುಡುಕಿಕೊಂಡು ಹೋಗಲಿ?

ಹೊರಗೆ ಮಂಜು ಇಳಿಯಲು ಶುರುವಾಗಿತ್ತು. ತಂತಿಯ ಮೇಲೆ ಬಟ್ಟೆ ಹಾಗೇ ಇತ್ತು, ಮತ್ತೆ ತೇವವಾದರೆ ನಾಳೆಗೆ ಲಂಗ ಇರುವುದಿಲ್ಲ. ಬಕೆಟ್ಟು ಹಿಡಿದುಕೊಂಡು ಬಟ್ಟೆ ತೆಗೆಯಲು ಹೋದೆ.